ನೆಶ್ ಅನ್ನಿಸಿಕೊಂಡ ಥರ್ಜಾ

"ನೆಶ್ ಅಂದ್ರೆ ಏನು ಅಂತೀರಾ ನರ್ಸಮ್ಮ? ಈಗ ತಾನೇ ಹುಟ್ಟಿದ ಕುರಿಮರಿ ನೆಶ್. ಮೊದಲ ಹಿಮಕ್ಕೇ ಬಾಡಿಹೋಗೋ ಸೊಪ್ಪು ನೆಶ್. ಅವಕ್ಕೆ ಅಂದ್ರೆ ಅದು ಬೈಗುಳ ಅಲ್ಲ, ಪಾಪ ಅಂದ ಹಾಗೆ. ಮನುಷ್ಯರಿಗೆ ಅಂದ್ರೆ ಮಾತ್ರ ಬೇರೆ. ಮುಖ ತೊಳೆಯೋಕೆ ಬಿಸಿನೀರು ಕೇಳೋ ಗಂಡಸು ನೆಶ್. ಸೆಪ್ಟೆಂಬರಲ್ಲೇ ಶಾಲು ಹೊದ್ದೋಳು ನೆಶ್. ಅಳೋರಿಗೆ ಅನ್ನಲ್ಲ, ಹೇಡಿಗೂ ಅನ್ನಲ್ಲ, ಚಳಿ ಆಗ್ತಿದೆ ಅಂತ ಬಾಯಿ ಬಿಟ್ಟೋರಿಗೇ ಅನ್ನೋದು. ನಾನು ಮದುವೆಯಾಗಿ ಬಂದ ಮೂರನೇ ದಿನ ಶಾಲು ಹೊದ್ದು ಬಟ್ಟೆ ಒಣಗಿ ಹಾಕೋಕೆ ಹೋದೆ. ನಮ್ಮತ್ತೆ ಕಿಟಕಿಯಿಂದ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ರು, 'ನನ್ನ ಮಗ ಈನಕ್ ಎಂಥ ನೆಶ್ ಗೊಂಬೆ ತಂದಿದಾನೆ ನೋಡ್ರೇ' ಅಂತ. ಇಪ್ಪತ್ತೆರಡು ವರ್ಷ ಆಯ್ತು. ಅಂಗಡಿಯವನೂ ನನ್ನನ್ನ ಹಾಗೇ ಕರೀತಾನೆ."

ಇಂಗ್ಲೆಂಡಿನ ದಕ್ಷಿಣದಿಂದ ಬಂದ ನರ್ಸಮ್ಮನಿಗೆ ಡರ್ಬಿಶೈರಿನ ಈ ಮಾತು ಹೊಸದು. ಮಹಡಿಯ ಮೇಲೆ ಜ್ವರದಲ್ಲಿ ಮಲಗಿದ್ದ ಥರ್ಜಾಳ ಅತ್ತೆ, ಮುದುಕಿ ಹಲ್ಡಾ, "ಬೆಂಕಿ ಗಿಂಕಿ ಬೇಡ, ನಾನೇನು ನೆಶ್ಶಾ?" ಎಂದು ಗದರಿದ್ದರಿಂದ ಥರ್ಜಾಳನ್ನು ಅರ್ಥ ಕೇಳಿದ್ದಳು.

"ಇವತ್ತೇ ಕೋಣೆ ಬೆಚ್ಚಗಾಗಬೇಕು. ಎದೆ ಕಟ್ಟಿದೆ, ಇನ್ನೊಂದು ದಿನ ಹೀಗೇ ಬಿಟ್ಟರೆ ಉಳಿಯೋದಿಲ್ಲ" ಎಂದು ಹೇಳಿ ಆಕೆ ಸೈಕಲ್ಲು ಹತ್ತಿದಳು.

ಆ ಬೀದಿಯ ಗಣಿ ಕೆಲಸದವರ ಮನೆಗಳಿಗೆ ಕಲ್ಲಿದ್ದಲು ಪುಕ್ಕಟೆ ಬರುತ್ತಿತ್ತು. ಅಡುಗೆ ಒಲೆಯ ಹೊಗೆಯನ್ನು ಯಾರೂ ನೋಡುತ್ತಿರಲಿಲ್ಲ. ಮಲಗುವ ಕೋಣೆಯ ಚಿಮಣಿಯೇ ಬೇರೆ; ಬಾಣಂತಿಗೂ ಸಾಯುವವರಿಗೂ ಬಿಟ್ಟರೆ ನವೆಂಬರಿಗೆ ಮೊದಲು ಅದರಲ್ಲಿ ಹೊಗೆಯೆದ್ದರೆ ಬೀದಿಯೇ ಹೊರಬಂದು ನೋಡುತ್ತಿತ್ತು. ಕೆಳಗೆ ಒಲೆಯ ಪಕ್ಕ ಮಲಗಲೂ ಹಲ್ಡಾ ಒಪ್ಪಿರಲಿಲ್ಲ.

ಥರ್ಜಾ ಮೇಲೆ ಹೋಗಿ ಕಟ್ಟಿಗೆಚೂರು ಜೋಡಿಸಿ ಬೆಂಕಿ ಹಚ್ಚಿದಳು. ಮುದುಕಿ ಹಾಸಿಗೆಯಿಂದಲೇ ಬಟ್ಟಲಿನ ಟೀಯನ್ನು ಅದರ ಮೇಲೆ ಎರಚಿದಳು.

"ಬೀದಿಯವರ ಮುಂದೆ ನನ್ನ ಮಾನ ಕಳೀಬೇಕಂತಿದೀಯಾ?"

"ನೀವು ಸತ್ತರೆ ಸೊಸೆನೇ ಕೊಂದ್ಲು ಅಂತ ಅದೇ ಬೀದಿ ಅನ್ನುತ್ತೆ. ಸಾಯೋದಿದ್ರೆ ನಿಮ್ಮ ಮಗಳ ಮನೇಲಿ ಸಾಯಿರಿ."

"ಅಷ್ಟು ನಾಲಿಗೆ ಬಂತಾ ನಿಂಗೆ?"

"ನಿಮ್ಮ ಹತ್ರಾನೇ ಕಲಿತಿದ್ದು."

ಒದ್ದೆ ಬೂದಿ ಬಳಿದು ತೆಗೆದು ಥರ್ಜಾ ಮತ್ತೆ ಹಚ್ಚಿದಳು. ಈ ಸಲ ಬಟ್ಟಲನ್ನು ಮೊದಲೇ ಮುದುಕಿಯ ಕೈಗೆಟುಕದ ಹಾಗೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಕಲ್ಲಿದ್ದಲು ಕೆಂಪಾಗುವಷ್ಟರಲ್ಲಿ ಎದುರುಮನೆಯ ಡೋರ್ಕಸ್ ಕೆಳಗೆ ಬೀದಿಬಾಗಿಲಿಗೆ ಬಂದು ಮೇಲಿನ ಕಿಟಕಿಗೆ ಕೇಳೋ ಹಾಗೆ ಕೂಗಿದಳು.

"ಏನೇ ಥರ್ಜಾ, ಮೇಲೆ ಹೊಗೆ? ಮುದುಕಿಗೆ ಚಳಿ ಹತ್ತಿತಾ?"

ಹಲ್ಡಾ ಉಸಿರು ಬಿಗಿಹಿಡಿದು ಸೊಸೆಯ ಮುಖ ನೋಡಿದಳು. ಈಗ ಹೌದು ಅಂದರೆ ಆಕೆ ಎದ್ದು ಇನ್ನೊಂದು ಸಲ ಬೆಂಕಿ ಆರಿಸುತ್ತಾಳೆ, ಥರ್ಜಾಗೆ ಗೊತ್ತಿತ್ತು. ಹೌದು ಅನ್ನುವ ಆಸೆ ನಾಲಿಗೆ ತುದಿಗೆ ಬಂದೂ ಇತ್ತು.

"ನಂಗೆ ಕಣೇ" ಎಂದಳು ಕಿಟಕಿಯಿಂದ ಬಗ್ಗಿ. "ರಾತ್ರಿಯೆಲ್ಲ ಇವರ ಪಕ್ಕ ಕೂತಿರೋಳು ನಾನು. ನಿಂಗೇನೀಗ?"

"ಸೆಪ್ಟೆಂಬರಲ್ಲಾ? ಹೋಗೇ ನೆಶ್ ಗೊಂಬೆ!" ಡೋರ್ಕಸ್ ನಗುತ್ತ ಪಕ್ಕದ ಮನೆಗೆ ಸುದ್ದಿ ಹೇಳಲು ಹೊರಟಳು.

ಹಲ್ಡಾ ಎರಡೂ ಕೈಯನ್ನು ಬೆಂಕಿಯ ಕಡೆ ಚಾಚಿದಳು. "ನೀನು ನೆಶ್ ಅಂತ ನಾನು ಮೊದಲೇ ಹೇಳಿದ್ನಲ್ಲ" ಎಂದಳು. "ಆ ಈನಕ್ ನನ್ನ ಮಾತು ಕೇಳ್ಲೇ ಇಲ್ಲ."

"ಬಾಯಿ ಮುಚ್ಕೊಂಡು ಬೆಚ್ಚಗೆ ಮಲಗಿ."

ನಾಲ್ಕನೇ ದಿನ ಜ್ವರ ಇಳಿಯಿತು. ಮುದುಕಿ ಎದ್ದು ಕೂತು ಮೊದಲು ಆಡಿದ ಮಾತು, ಟೀ ತಣ್ಣಗಿದೆ ಎಂದು. ಥರ್ಜಾ ಬೂದಿಯ ಬಕೆಟ್ಟು ಹಿತ್ತಲಿಗೊಯ್ದು, ಜರಡಿಯಲ್ಲಿ ಹಾಕಿ ಅಲುಗಿಸಿ, ಇನ್ನೂ ಉರಿಯಬಲ್ಲ ಕಲ್ಲಿದ್ದಲ ಚೂರುಗಳನ್ನು ಮೇಲಿನ ಕೋಣೆಯ ಬೆಂಕಿಗೆಂದು ಒಂದೊಂದಾಗಿ ಹೆಕ್ಕತೊಡಗಿದಳು.