ದೇವಕಿ ಟೀಚರ ಬಿಸ್ಕತ್ತಿನ ಡಬ್ಬಿ

ದೇವಕಿ ಟೀಚರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರು ಇರಲಿಲ್ಲ. ಮದುವೆಯಾದ ಹೊಸತರಲ್ಲಿ ತೋಟದಲ್ಲಿ ಕತ್ತಿ ಜಾರಿ ಹೋದದ್ದಂತೆ. ಅದೇ ಹೆಬ್ಬೆರಳಿನಿಂದ ಅವರು ಪ್ರತಿಯೊಂದು ಬಿಸ್ಕತ್ತಿನ ನಡುವೆ ಒಮ್ಮೆ ಒತ್ತುತ್ತಿದ್ದರು. ಹಾಗಾಗಿ ಅವರ ಬಿಸ್ಕತ್ತಿನ ಗುಳಿ ಯಾವಾಗಲೂ ಒಂದು ಬದಿಗೆ ಓರೆ. ಮೂರ್ನಾಡಿನ ನಮ್ಮ ರಸ್ತೆಯ ಮಕ್ಕಳು ಆ ಓರೆ ಗುಳಿ ಇದ್ದರಷ್ಟೇ ಬಾಯಿಗೆ ಹಾಕುತ್ತಿದ್ದವು. ರೇಷನ್ ಅಂಗಡಿಯ ಮೆಷಿನ್ನಿಗೆ ಮಾತ್ರ ಆ ಬೆರಳು ಹಿಡಿಸುತ್ತಿರಲಿಲ್ಲ. ನಾಲ್ಕು ಸಲ ಒತ್ತಿಸಿಕೊಂಡು ಆಗಲ್ಲ ಎಂದು ವಾಪಸು ಕಳಿಸಿದರೆ, "ಸರ್ಕಾರಕ್ಕೆ ನನ್ನ ಹೆಬ್ಬೆಟ್ಟು ಬೇಡವಂತೆ ಸುಮಾ, ಮಕ್ಕಳಿಗಾದ್ರೂ ಬೇಕಲ್ಲ" ಎಂದು ನಗುತ್ತಾ ಬರುತ್ತಿದ್ದರು.

ಅವರು ಅಂಗನವಾಡಿ ಟೀಚರ್ ಆಗಿದ್ದವರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕೆಲಸದಿಂದ ನಿವೃತ್ತಿಯಾದ ಮೇಲೂ ಮಧ್ಯಾಹ್ನವಾದರೆ ಅವರ ಜಗಲಿಯಲ್ಲಿ ಏಳೆಂಟು ಮಕ್ಕಳು ಇದ್ದೇ ಇರುತ್ತಿದ್ದವು. ಅಂಗಡಿಯಲ್ಲಿ ಕೆಲಸ ಮಾಡುವವರು, ಕಾಫಿ ತೋಟಕ್ಕೆ ಪಿಕ್ಕಿಂಗಿಗೆ ಹೋಗುವವರು, ನನ್ನ ಹಾಗೆ ಹೊಲಿಗೆ ಕ್ಲಾಸಿಗೆ ಓಡುವವರು, ಎಲ್ಲರೂ ಮಕ್ಕಳನ್ನು ಅಲ್ಲಿ ಬಿಟ್ಟು ಐದು ಗಂಟೆಗೆ ಕರೆದುಕೊಂಡು ಹೋಗುತ್ತಿದ್ದರು. ನನ್ನ ಮಗಳು ನಿಧಿಗೆ ಅದು ಬೇಲಿ ದಾಟಿದರೆ ಸಿಗುವ ಇನ್ನೊಂದು ಮನೆ. ಟೀಚರ್ ತಮ್ಮವರೊಂದಿಗೆ ಅರೆಭಾಷೆ ಆಡುತ್ತಿದ್ದರು, ನಮ್ಮೊಂದಿಗೆ ಕನ್ನಡ, ಪಿಕ್ಕಿಂಗ್ ಹೆಂಗಸರೊಂದಿಗೆ ತಮಿಳು ಮಲಯಾಳ ಕಲಸಿದ ಏನೋ ಒಂದು. ಮಕ್ಕಳಿಗೆ ಎಲ್ಲವೂ ಅರ್ಥವಾಗುತ್ತಿತ್ತು.

ಮಕ್ಕಳಿಗೆ ಹಸಿವಾಯಿತೆಂದರೆ ಇಪ್ಪತ್ತು ನಿಮಿಷದಲ್ಲಿ ಬಿಸ್ಕತ್ತು. ಅದು ಅವರ ಜಂಭ. ನಾನು ಒಮ್ಮೆ ಓವನ್ ತೆಗೆದುಕೊಳ್ಳುವ ಮಾತೆತ್ತಿದಾಗ ಮುಖ ಸಿಂಡರಿಸಿದರು. "ಬಿಸ್ಕತ್ತಿಗೆ ಎಂತಕ್ಕೆ ಓವನ್? ಮರಳಿಗೆ ಬಿಸಿ ಹಿಡಿಯೋದು ಗೊತ್ತುಂಟು." ವಾಷರ್ ತೆಗೆದ ಹಳೆಯ ಕುಕ್ಕರಿನ ತಳಕ್ಕೆ ಹೊಳೆಯ ಮರಳು ಹಾಸಿ, ಮೇಲೊಂದು ತಟ್ಟೆ ಇಟ್ಟು, ಮುಚ್ಚಿ ಒಲೆಗೇರಿಸುತ್ತಿದ್ದರು. ಅದು ಕಾಯುವಷ್ಟರಲ್ಲಿ ಹಿಟ್ಟು ತಯಾರು. ಎರಡು ಲೋಟ ಗೋಧಿಹಿಟ್ಟು, ಒಂದು ಲೋಟ ಪುಡಿ ಮಾಡಿದ ಸಕ್ಕರೆ, ಚಿಟಿಕೆ ಸೋಡಾ, ಏಲಕ್ಕಿ. ತುಪ್ಪಕ್ಕೆ ಮಾತ್ರ ಅಳತೆಯಿಲ್ಲ. "ಮುಷ್ಟಿ ಹಿಡಿದ್ರೆ ನಿಲ್ಬೇಕು, ಬೆರಳು ತಾಗಿದ್ರೆ ಉದುರ್ಬೇಕು. ಅಲ್ಲಿವರೆಗೆ ಹಾಕ್ತಾ ಹೋಗು." ನಾನು ಕಲಿಯಲು ಕೂತ ದಿನ ಚಪಾತಿಯ ಹಿಟ್ಟಿನ ಹಾಗೆ ಗುದ್ದಿ ಗುದ್ದಿ ನಾದಿದ್ದಕ್ಕೆ ಕೈಮೇಲೆ ಹೊಡೆದರು. "ಅತ್ತೆ ಮೇಲಿನ ಸಿಟ್ಟೆಲ್ಲ ಹಿಟ್ಟಿನ ಮೇಲೆ ತೀರಿಸ್ಬೇಡ ಮಾರಾಯ್ತಿ. ಸುಮ್ನೆ ಕೂಡಿಸು, ಸಾಕು."

ತಾವು ಮಾತ್ರ ಒಂದು ಚೂರೂ ಬಾಯಿಗಿಡುತ್ತಿರಲಿಲ್ಲ. ಸಕ್ಕರೆ ಕಾಯಿಲೆ. ಮೊದಲ ಬಿಸ್ಕತ್ತನ್ನು ಒಂದು ಮಗುವಿನ ಕೈಗೆ ಕೊಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತು ಅದರ ಮುಖವನ್ನೇ ನೋಡುತ್ತಿದ್ದರು. ಅದೇ ಅವರು ರುಚಿ ನೋಡುವ ಕ್ರಮ.

ಇನ್ನು ಡಬ್ಬಿಯ ವಿಷಯ. ಹಳೆಯ ಹಾಲಿನ ಪುಡಿಯ ಡಬ್ಬಿ ಅದು, ಮುಚ್ಚಳ ಬಿಗಿಯಾಗಿ ಕೂರುತ್ತಿತ್ತು. ಈ ಊರಿನ ಮಳೆಗೆ ಬಿಸ್ಕತ್ತು ಅರ್ಧ ದಿನದಲ್ಲಿ ಮೆತ್ತಗಾಗುವುದರಿಂದ ಅಂಥ ಡಬ್ಬಿ ಇದ್ದವರೇ ಭಾಗ್ಯವಂತರು. ಬಿಸ್ಕತ್ತು ತುಂಬಿಕೊಂಡು ಅದು ನಮ್ಮ ಮನೆಗೆ ಬರುತ್ತಿತ್ತು. ಬಂದ ಡಬ್ಬಿಯನ್ನು ಖಾಲಿ ವಾಪಸು ಕೊಡಬಾರದಲ್ಲ? ಅವರ ಮಿಕ್ಸಿ ಕೆಟ್ಟು ವರ್ಷವಾಗಿದ್ದರಿಂದ ನಾನು ಸಕ್ಕರೆ ಪುಡಿ ಮಾಡಿ ತುಂಬಿ ಕಳಿಸುತ್ತಿದ್ದೆ. ಹೀಗೆ ಬಿಸ್ಕತ್ತು ಈ ಕಡೆಗೆ, ಸಕ್ಕರೆ ಆ ಕಡೆಗೆ. ಎಷ್ಟು ಸಲ ಎಂದು ಇಬ್ಬರಿಗೂ ಲೆಕ್ಕವಿರಲಿಲ್ಲ.

ಕಳೆದ ಮಳೆಗಾಲದ ಶುರುವಿನಲ್ಲಿ ಟೀಚರ್ ನನ್ನನ್ನು ಒಂದು ಹಿಡಿ ಸುಣ್ಣದ ಪುಡಿ ಕೇಳಿದ್ದರು. ಹಿತ್ತಲಿನ ನಾಲ್ಕು ಮೆಣಸಿನ ಬಳ್ಳಿಗೆ ಔಷಧಿ ಹೊಡೆಸಬೇಕಿತ್ತು. ನಮ್ಮ ತೋಟದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಹೊಡೆದಾದ ಮೇಲೆ ಕೊಡುತ್ತೇನೆ ಎಂದಿದ್ದೆ. ಕೊಡಲು ಎರಡು ವಾರ ಹಿಡಿಯಿತು. ಒಂದು ಬೆಳಿಗ್ಗೆ ಉಳಿದ ಸುಣ್ಣ ತಂಡಿಗೆ ಗಟ್ಟಿಯಾಗುತ್ತದೆಂದು ಕೈಗೆ ಸಿಕ್ಕಿದ ಡಬ್ಬಿಗೆ ತುಂಬಿದೆ. ಕೈಗೆ ಸಿಕ್ಕಿದ್ದು ಅದೇ ಡಬ್ಬಿ. ತೆಗೆದುಕೊಂಡು ಹೋದರೆ ಟೀಚರ್ ಇರಲಿಲ್ಲ, ಸಕ್ಕರೆ ಪರೀಕ್ಷೆಗೆ ಆಸ್ಪತ್ರೆಗೆ ಹೋಗಿದ್ದರು. ಜಗಲಿಯ ಮೇಲಿಟ್ಟು ಬಂದೆ. ಫೋನ್ ಮಾಡಿ ಹೇಳೋಣವೆಂದರೆ ಕರೆಂಟು ಹೋಗಿ ಮೊಬೈಲ್ ಸತ್ತಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡು ಕ್ಲಾಸಿಗೆ ಹೋದೆ. ಮರೆತೆ.

ಆ ಮಧ್ಯಾಹ್ನ ಜೋರು ಮಳೆ. ಅಡುಗೆಮನೆಯಲ್ಲಿ ಬೆಳಕಿಲ್ಲ. ಇದ್ದ ಸಕ್ಕರೆ ಸಾಲದೆ ಟೀಚರ್ ಡಬ್ಬಿಯಿಂದ ನಾಲ್ಕು ಚಮಚ ಹಾಕಿಕೊಂಡರು. ಸುಣ್ಣ ತಾಗಿ ಹಿಟ್ಟು ಹಳದಿಯಾದದ್ದನ್ನು ನೋಡಿ, "ಇವತ್ತು ತುಪ್ಪ ಭಾರೀ ಚೆಂದ ಉಂಟು" ಎಂದರಂತೆ. ನಿಧಿಯೇ ಆಮೇಲೆ ಹೇಳಿದ್ದು. ಮೊದಲ ಬಿಸ್ಕತ್ತು ಸಿಕ್ಕಿದ್ದು ಅವಳಿಗೆ. ಕಚ್ಚಿದವಳು ಉಗುಳಿ ಕಿರುಚಿದಳು. ಟೀಚರ್ ಅವಳ ಬಾಯಿಗೆ ನೀರು ಹೊಯ್ದು ತೊಳೆದು, ಎತ್ತಿಕೊಂಡು, ಚಪ್ಪಲಿಯೂ ಇಲ್ಲದೆ ರಸ್ತೆಗೆ ಓಡಿ ಆಟೋ ಹಿಡಿದರು. ನಾನು ಆಸ್ಪತ್ರೆ ಮುಟ್ಟುವಾಗ ಮಗಳ ತುಟಿ ಊದಿತ್ತು, ನಾಲಿಗೆಯ ತುದಿ ಬೆಳ್ಳಗಾಗಿತ್ತು.

"ಸುಣ್ಣ ಬಿದ್ದ ಹಾಗಿದೆ. ನುಂಗಿಲ್ಲ, ಪುಣ್ಯ. ವಾರದಲ್ಲಿ ಸರಿಹೋಗುತ್ತೆ" ಎಂದರು ಡಾಕ್ಟರು.

ಸುಣ್ಣ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಎಲ್ಲ ಹೊಳೆಯಿತು. ಪಕ್ಕದಲ್ಲಿ ನಮ್ಮವರು ಹಲ್ಲು ಕಡಿಯುತ್ತಾ ನಿಂತಿದ್ದರು. ಅವರ ಸಿಟ್ಟು ಇಡೀ ರಸ್ತೆಗೆ ಗೊತ್ತು. "ಅಡುಗೆಮನೆಗೆ ಸುಣ್ಣ ಹೇಗೆ ಬಂತು?" ಎಂದು ಅವರು ಟೀಚರನ್ನು ಕೇಳಿದರು.

ಟೀಚರ್ ನನ್ನ ಕಡೆ ನೋಡಿದರು. ಸೀರೆಯ ಅಂಚಿನಿಂದ ನೀರು ಇಳಿಯುತ್ತಿತ್ತು. ನಾನು ಬಾಯಿ ಬಿಡಲು ಅವರು ಎಷ್ಟು ಹೊತ್ತು ಕೊಟ್ಟರೋ! ನಾನು ಮಗಳ ತಲೆ ಸವರುತ್ತಾ ಕೂತೆ.

"ನಾನೇ ಎಲ್ಲೋ ಇಟ್ಟು ಮರೆತೆ ಕಾಣ್ತದೆ," ಎಂದರು ಟೀಚರ್.

ನಮ್ಮ ರಸ್ತೆಯ ದಿನಸಿ ಅಂಗಡಿಯ ಭಾಗೀರಥಿ ಸುದ್ದಿ ಕೇಳಿ ಓಡಿ ಬಂದಿದ್ದಳು. "ವಯಸ್ಸಾಯ್ತಲ್ಲ, ಮರೆವು ಶುರುವಾಗಿರ್ಬೇಕು. ಅಲ್ವಾ ಸುಮಕ್ಕ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

"ಹೌದು," ಎಂದೆ.

ನಾನು ಹೇಳಿದ್ದು ಅದೊಂದೇ ಮಾತು. ಅಷ್ಟಕ್ಕೆ ಭಾಗೀರಥಿ ಅಂಗಡಿಗೆ ಬಂದವರಿಗೆಲ್ಲ ಸುದ್ದಿ ಹಂಚಿದಳು. ವಾರದೊಳಗೆ ಟೀಚರ ಜಗಲಿ ಖಾಲಿಯಾಯಿತು. ಯಾರೂ ಜಗಳವಾಡಲಿಲ್ಲ, ಯಾರೂ ಕೆಟ್ಟ ಮಾತಾಡಲಿಲ್ಲ. ಒಬ್ಬರು ಮಗುವನ್ನು ಅಜ್ಜಿಯ ಮನೆಗೆ ಬಿಟ್ಟರು, ಇನ್ನೊಬ್ಬರು ಟ್ಯೂಷನ್ನಿಗೆ ಹಾಕಿದರು. ನಿಧಿಯನ್ನು ನಾನು ಕ್ಲಾಸಿಗೇ ಕರೆದುಕೊಂಡು ಹೋಗತೊಡಗಿದೆ. ಅವಳ ಬಾಯಿ ವಾಸಿಯಾದ ಮೇಲೆ, "ಟೀಚರ್ ಮನೆಗೆ ಯಾಕೆ ಹೋಗ್ಬಾರ್ದು?" ಎಂದು ದಿನವೂ ಕೇಳುತ್ತಿದ್ದಳು. ಎಷ್ಟೋ ಸಲ ಬೇಲಿಯ ತನಕ ಹೋಗಿ, ಒಣಹಾಕಿದ ಬಟ್ಟೆ ತೆಗೆಯುವ ನೆಪ ಮಾಡಿ ವಾಪಸು ಬಂದಿದ್ದೇನೆ. ನನ್ನಷ್ಟು ಹೇಡಿ ಆ ರಸ್ತೆಯಲ್ಲಿ ಇನ್ನೊಬ್ಬರಿರಲಿಲ್ಲ.

ಹುತ್ತರಿ ಹಬ್ಬ ಕಳೆದ ಮೇಲೆ ಭಾಗಮಂಡಲದ ಕಡೆಯಿಂದ ಜೀಪು ತೆಗೆದುಕೊಂಡು ಟೀಚರ ತಮ್ಮ ಬಂದರು. ಮರೆವಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು, ಒಬ್ಬಳೇ ಇರಬಾರದೆಂದು ಕರೆದೊಯ್ಯಲು ಬಂದಿದ್ದರು. ಆಗ ಮಾತ್ರ ನಾನು ಬೇಲಿ ದಾಟಿದೆ. ಟೀಚರ್ ಅಡುಗೆಮನೆಯಲ್ಲಿ ಕುಕ್ಕರಿನ ಮರಳನ್ನು ಪೇಪರಿನ ಮೇಲೆ ಸುರಿಯುತ್ತಿದ್ದರು.

"ಟೀಚರ್, ಆ ಡಬ್ಬಿಗೆ ಸುಣ್ಣ ತುಂಬಿದ್ದು ನಾನು."

"ಗೊತ್ತುಂಟು." ಅವರು ತಲೆ ಎತ್ತಲಿಲ್ಲ. "ಆಸ್ಪತ್ರೆಲಿ ನಿನ್ನ ಮುಖ ನೋಡಿದಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನಿನ್ನ ಗಂಡನ ಸಿಟ್ಟು ನಂಗೆ ಗೊತ್ತಿಲ್ವಾ? ಮುದುಕಿಗೆ ಮರೆವು ಅಂದ್ರೆ ಜನ ಒಂದು ದಿನ ಆಡಿ ಬಿಡ್ತಾರೆ ಅಂತ ಮಾಡಿದೆ. ಮಕ್ಕಳನ್ನ ತೆಗೀತಾರೆ ಅಂತ ಗೊತ್ತಿರ್ಲಿಲ್ಲ." ಮರಳಿನಲ್ಲಿದ್ದ ಒಂದು ಸುಟ್ಟ ಚೂರನ್ನು ಹೆಕ್ಕಿ ತೆಗೆದರು. "ಆಮೇಲಾದ್ರೂ ನೀನು ಬಂದು ಹೇಳ್ತೀ ಅಂತ ಕಾದೆ ಸುಮಾ. ಮಳೆಗಾಲ ಪೂರ್ತಿ ಕಾದೆ."

ಕಾಲು ಹಿಡಿಯೋಣವೆಂದು ಬಗ್ಗಿದರೆ ಹಿಂದೆ ಸರಿದರು. ಹೊರಗೆ ಜೀಪಿನ ಹಾರ್ನ್ ಕೇಳಿತು. ಅವರು ಒಲೆಯ ಮೇಲಿನ ಹಲಗೆಯಿಂದ ಆ ಡಬ್ಬಿ ತೆಗೆದು, ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟರು. ಮನೆಗೆ ಬರುವ ತನಕ ನಾನು ಅದನ್ನು ತೆರೆದು ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ಹಗುರ ಕೈಗೆ ತಿಳಿಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಅವರು ಅದನ್ನು ಖಾಲಿ ಕೊಟ್ಟದ್ದು ಅದೊಂದೇ ಸಲ.

ಆ ಸಂಜೆಯೇ ನಮ್ಮವರಿಗೆ ಹೇಳಿದೆ. ಕೂಗಾಡಿದರು, ಎರಡು ದಿನ ಮಾತು ಬಿಟ್ಟರು, ಅಷ್ಟೇ. ಅಷ್ಟಕ್ಕೆ ಹೆದರಿ ನಾನು ಒಂದು ಮಳೆಗಾಲವಿಡೀ ಬಾಯಿ ಮುಚ್ಚಿಕೊಂಡಿದ್ದೆ. ಉಳಿದವರಿಗೂ ಹೇಳಿ ಟೀಚರನ್ನು ವಾಪಸು ಕರೆತರೋಣವೆಂದು ನಾನು ಹೊರಡುವ ಮೊದಲೇ, ಫೆಬ್ರವರಿಯಲ್ಲಿ ಅವರು ತಮ್ಮನ ಮನೆಯಲ್ಲಿ ತೀರಿಕೊಂಡರೆಂದು ಸುದ್ದಿ ಬಂತು.

ನಮ್ಮ ರಸ್ತೆಯಿಂದ ಒಂದು ವ್ಯಾನು ಮಾಡಿಕೊಂಡು ತಿಥಿಗೆ ಹೋದೆವು. ಊಟದ ಸಾಲಿನಲ್ಲಿ ಭಾಗೀರಥಿ ನನ್ನ ಪಕ್ಕ ಕೂತಿದ್ದಳು. "ಪಾಪ, ಎಂಥ ಹೆಂಗಸು. ಕೊನೆಗೆ ಬುದ್ಧಿಯೇ ಹೋಯ್ತು" ಎಂದಳು.

"ಬುದ್ಧಿ ಹೋಗಿರಲಿಲ್ಲ," ಎಂದೆ, ಸಾಲಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಡಬ್ಬಿಗೆ ಸುಣ್ಣ ತುಂಬಿದವಳು ನಾನು. ಹೇಳದೆ ಇಟ್ಟು ಬಂದವಳು ನಾನು. ಟೀಚರದು ಏನೂ ತಪ್ಪಿಲ್ಲ."

ಭಾಗೀರಥಿಯ ಕಣ್ಣಲ್ಲಿ ನೀರು ಬಂತು. ಅವಳು ಎಡಗೈಯಿಂದ ನನ್ನ ಬೆನ್ನು ಸವರಿದಳು.

"ನೋಡಿ, ಮಗಳ ಬಾಯಿ ಸುಟ್ಟವರ ಮೇಲೂ ಹೇಗೆ ತಪ್ಪು ಬರದ ಹಾಗೆ ಮಾತಾಡ್ತಾರೆ," ಎಂದಳು ಪಕ್ಕದವಳಿಗೆ. "ಸುಮಕ್ಕಂದು ದೊಡ್ಡ ಮನಸ್ಸು."