ನನ್ನ ಕೈ ಹೋದ ದಾರಿ

ಮೀನು ಮಾರುವವಳು ತಾಜಾ ಎಂದು ಆಣೆ ಹಾಕಿದರೂ ಕಿವಿರು ಎತ್ತಿ ನೋಡುವವಳು ನಾನು. ಹಾಗಿರುವಾಗ, ನಮ್ಮ ಗೇರುಬೀಜದ ಫ್ಯಾಕ್ಟರಿಗೆ ಕೈಯ ಚಲನೆ ಅಳೆಯುವ ಇಂಜಿನಿಯರ್ ಬರುತ್ತಾರೆ ಎಂದರೆ ಸುಮ್ಮನೆ ನಂಬುತ್ತೇನೆಯೇ? ನಮ್ಮ ಕಡೆಗೆ ಅಂಥ ಕೆಲಸಕ್ಕೆ ಬಂದವರಲ್ಲಿ ಅವರೇ ಮೊದಲಿಗರು. ಕಾರವಾರದಲ್ಲಿ ಉಳಿದುಕೊಂಡು ದಿನಾ ಅಂಕೋಲೆಗೆ ಬರುತ್ತಿದ್ದರು. ಕೈಯಲ್ಲಿ ಪುಸ್ತಕ, ಪೆನ್ನು ಇತ್ತಲ್ಲ, ಶಾಲೆಯ ಟೀಚರನ್ನು ಕರೆದಂತೆ ನಾವೆಲ್ಲ ಅಕ್ಕೋರೇ ಎಂದೆವು.

ಅವರು ಮೇಜಿನೆದುರು ಕ್ಯಾಮೆರಾ ನಿಲ್ಲಿಸಿ, "ಹೆಚ್ಚು ದುಡಿಸೋದಕ್ಕಲ್ಲ, ನಿಮ್ಮ ದಣಿವು ಕಡಿಮೆ ಮಾಡೋದಕ್ಕೆ. ಕೈ ಎಲ್ಲಿ ಸುಮ್ಮನೆ ಓಡಾಡ್ತದೆ ನೋಡ್ತೇನೆ, ಅಷ್ಟೇ" ಎಂದರು.

"ಕೇಳ್ದ್ಯಾ? ಸುಮ್ನೆ ಓಡಾಡೂ ಕೈನ ಮನೆಗೆ ಕಳ್ಸೂಕೆ ಬಂದವ್ರು ಇವ್ರು" ಎಂದು ಬಲಗಡೆಯವಳ ಕಿವಿಯಲ್ಲಿ ಹೇಳಿದೆ.

ನನ್ನ ಭಯ ನನಗಾಗಿ ಅಲ್ಲ. ಎಡಗಡೆ ಕೂರುತ್ತಿದ್ದವಳು ನನ್ನ ಸೋದರತ್ತೆ. ಇಬ್ಬರೂ ಶೆಟಗೇರಿಯಿಂದ ಒಂದೇ ಬಸ್ಸಿಗೆ ಬರುವವರು. ಬೀಜದ ಕೆಂಪು ಸಿಪ್ಪೆ ತೆಗೆಯುವುದರಲ್ಲಿ ಒಂದು ಕಾಲಕ್ಕೆ ಅವಳನ್ನು ಮೀರಿಸುವವರೇ ಇರಲಿಲ್ಲ. ಈಚೆಗೆ ಹೆಬ್ಬೆರಳ ಗಂಟು ಊದಿ ಚಾಕು ಹಿಡಿತಕ್ಕೆ ಬರುತ್ತಿರಲಿಲ್ಲ. ಟ್ರೇ ತುಂಬದವರನ್ನು ಫ್ಯಾಕ್ಟರಿ ಇಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ಕೂತರೆ ದಿನವಿಡೀ ಸೊಸೆಯ ಬಾಯಿಗೆ ಬೀಳಬೇಕು. ಅದಕ್ಕೇ ಅವಳು ಕನ್ನಡಕ ಒರೆಸುವಾಗ, ಆಚೆ ತಿರುಗಿ ಕೆಮ್ಮುವಾಗ, ನನ್ನ ಬೀಜ ಒಂದು ಹಿಡಿ ಅವಳ ಟ್ರೇಗೆ ಹಾಕುತ್ತಿದ್ದೆ. ಇದು ಅವಳಿಗೂ ಗೊತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ, "ವಯಸ್ಸು ನಂಗೆ ಆಯ್ತು, ನನ್ನ ಕೈಗೆ ಆಗ್ಲಿಲ್ಲ ನೋಡು" ಎನ್ನುತ್ತಿದ್ದಳು. ನಾನು ಹೌದತ್ತೆ ಎಂದು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಕ್ಯಾಮೆರಾ ಇರುವಷ್ಟು ದಿನ ಕೈ ಕಟ್ಟಿಕೊಂಡಿರಬೇಕು ಎಂದುಕೊಂಡೆ. ರೂಢಿಬಿದ್ದ ಕೈ ಕೇಳಬೇಕಲ್ಲ.

ಮೂರನೆಯ ದಿನ ಊಟದ ಹೊತ್ತಿಗೆ ಅಕ್ಕೋರು ಲ್ಯಾಪ್‌ಟಾಪ್ ತೆರೆದು, "ಮುಚ್ಚಿಡೋದು ಏನಿಲ್ಲ, ನೀವೂ ನೋಡಿ" ಎಂದರು. ಇದೂ ಒಂದು ಬಲೆ ಎಂದೇ ನನಗನಿಸಿತು. ವಿಡಿಯೋ ನಿಧಾನಕ್ಕೆ ಓಡುತ್ತಿತ್ತು. ತಮ್ಮ ತಮ್ಮ ಕೈ ಕಂಡು ಹೆಂಗಸರು ಬಿದ್ದು ಬಿದ್ದು ನಕ್ಕರು. ಆಮೇಲೆ ನಮ್ಮ ಮೇಜು ಬಂತು. ನನ್ನ ಕೈ ಎಡಕ್ಕೆ ಹೋಗಿ, ಅತ್ತೆಯ ಟ್ರೇಯಲ್ಲಿ ಬೀಜ ಬಿಟ್ಟು ವಾಪಸು ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು.

ತಿರುಗಿ ಸೂಪರ್‌ವೈಸರ್ ಮುಖ ನೋಡಿದೆ. ಅವರು ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಅಕ್ಕೋರು ಪಟ್ಟನೆ ವಿಡಿಯೋ ನಿಲ್ಲಿಸಿದರು. ಕೈ ತೊಳೆಯುವಲ್ಲಿ ಹತ್ತಿರ ಬಂದು, "ಆ ಭಾಗ ಅಳಿಸಿದ್ದೇನೆ, ವರದಿಯಲ್ಲಿ ಬರೆಯೋದಿಲ್ಲ" ಎಂದರು.

ನಾನು ನಂಬಲಿಲ್ಲ. ಅವರು ಮಾತಿಗೆ ತಪ್ಪಲಿಲ್ಲ ಎಂದು ಈಗ ಗೊತ್ತು. ಅವರ ವರದಿಯಿಂದ ಆದದ್ದಿಷ್ಟೇ, ನಮ್ಮ ಸ್ಟೂಲುಗಳಿಗೆ ಬೆನ್ನೊರಗಲು ಹಲಗೆ ಬಂತು. ಅಕ್ಕೋರ ಮುಖ, ಸೂಪರ್‌ವೈಸರ್ ಮುಖ ಎಲ್ಲ ಕಾದು ನೋಡಿದ ನಾನು, ಪಕ್ಕದಲ್ಲೇ ನಿಂತು ಅದೇ ವಿಡಿಯೋ ನೋಡಿದ ಅತ್ತೆಯ ಮುಖವನ್ನೇ ನೋಡಿರಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವತ್ತು ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡಿದವಳು ಅವಳು. ಮರುದಿನ ಬೆಳಿಗ್ಗೆ ತನ್ನ ಸ್ಟೂಲು ಎತ್ತಿಕೊಂಡು ಮೇಜಿನ ಆ ತುದಿಗೆ ಹೋಗಿ ಕೂತಳು. ಸಂಜೆ ಅವಳ ಟ್ರೇ ಅರ್ಧವೂ ತುಂಬಿರಲಿಲ್ಲ. ಸೂಪರ್‌ವೈಸರ್ ಬಾಯಿ ತೆರೆಯುವ ಮೊದಲೇ ಅವಳೇ ನನ್ನ ಕಡೆ ಕೈ ತೋರಿಸಿ ಹೇಳಿದಳು:

"ನಂದು ಇಷ್ಟೇ. ಎಷ್ಟು ದಿನದಿಂದ ಇಷ್ಟೇ ಅಂತ ಅವ್ಳನ್ನ ಕೇಳಿ."