ಕಿರಾಯಿ ಮನೆಯ ಸಾಹುಕಾರರು

ನಮ್ಮ ಮನೆಯವರು ಸಿನಿಮಾದಲ್ಲಿ ಸಾಹುಕಾರರು. ಹೀರೋ ಅಲ್ಲ, ಹೀರೋನ ಅಪ್ಪನೂ ಅಲ್ಲ. ಹೀರೋನ ಅಪ್ಪನ ಹೊಲ ಬರೆಸಿಕೊಳ್ಳುವವರು. ರೇಷ್ಮೆ ನೆಹರೂ ಶರ್ಟು ತೊಟ್ಟು, ಬೆರಳಿಗೆಲ್ಲ ಉಂಗುರ ಹಾಕಿ, ತೂಗುಮಂಚದ ಮೇಲೆ ಕೂತು, ಮನೆ ಖಾಲಿ ಮಾಡ್ರಿ ಎಂದು ಬಡವರ ಮೇಲೆ ಗುಡುಗುವುದು ಅವರ ಕೆಲಸ. ನಮ್ಮ ಲಗ್ನವಾದಾಗಿನಿಂದ ಅದನ್ನೇ ಮಾಡುತ್ತಿದ್ದಾರೆ. ಕಲಬುರಗಿಯಲ್ಲಿ ಯಾವ ಓಣಿಗೆ ಹೋದರೂ ಮಂದಿ ಗುರುತು ಹಿಡಿಯುತ್ತಾರೆ. ಸಣ್ಣ ಮಕ್ಕಳು ಅಮ್ಮನ ಸೆರಗಿನ ಹಿಂದೆ ಅಡಗುತ್ತವೆ, ಅಮ್ಮಂದಿರು ಫೋಟೋಕ್ಕೆ ನಿಲ್ಲುತ್ತಾರೆ.

ಅವರಿಗೆ ದೇವರು ಕೊಟ್ಟ ಮೈಯೇ ಹಾಗಿದೆ. ತುಂಬಿದ ಗಲ್ಲ, ದಪ್ಪ ಮೀಸೆ, ಮುಂದೆ ಬಂದ ಹೊಟ್ಟೆ. ಇಷ್ಟು ವರ್ಷ ಇಬ್ಬರೂ ಒಂದೇ ಬುಟ್ಟಿಯ ರೊಟ್ಟಿ ಉಂಡೆವು. ನಾನು ಬಡಕಲಾದೆ, ಅವರು ಸಾಹುಕಾರರಾದರು. ಒಮ್ಮೆ ಒಬ್ಬ ನಿರ್ದೇಶಕರು ಬಡ ಮಾಸ್ತರನ ಪಾತ್ರಕ್ಕೆ ಇವರನ್ನು ಕರೆಸಿದ್ದರು. ಹರಕು ಅಂಗಿ ತೊಡಿಸಿ ಕ್ಯಾಮೆರಾ ಮುಂದೆ ನಿಲ್ಲಿಸಿದರಂತೆ. ನಿರ್ದೇಶಕರು ಬಹಳ ಹೊತ್ತು ನೋಡಿ, ತಪ್ಪು ತಿಳಿಯಬೇಡಿ ಸರ್, ಸಾಹುಕಾರರು ವೇಷ ಮರೆಸಿಕೊಂಡು ಬಂದ ಹಾಗೆ ಕಾಣುತ್ತೆ ಅಂದರಂತೆ. ಪಾತ್ರ ಬೇರೆ ಯಾರಿಗೋ ಹೋಯಿತು. ಇವರು ರೈಲಿನ ಜನರಲ್ ಡಬ್ಬಿಯಲ್ಲಿ ರಾತ್ರಿಯಿಡೀ ಕೂತು ವಾಪಸು ಬಂದರು. ಆದರೆ ನಿರ್ದೇಶಕರ ಮಾತನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ನಾವಿರುವುದು ಸ್ಟೇಶನ್ ಬಜಾರದ ಹಿಂದೆ, ಕಿರಾಯಿ ಮನೆಯ ಮಾಳಿಗೆಯಲ್ಲಿ. ಅವರ ಸಿನಿಮಾವೊಂದು ಚಲೋ ಓಡಿದ ವರ್ಷ ಮನೆ ಮಾಲಕರು ಪೇಢೆ ತಂದು ಕೊಟ್ಟು, ಹೋಗುವಾಗ ಕಿರಾಯಿ ಏರಿಸಿ ಹೋದರು. ಆ ಸಿನಿಮಾದ ಅರ್ಧ ರೊಕ್ಕ ನಮಗಿನ್ನೂ ಬಂದಿರಲಿಲ್ಲ. ಇವರಿಗೆ ಸಿಗುವುದು ದಿನದ ಲೆಕ್ಕದ ಪಗಾರ. ತೂಗುಮಂಚವಿರುವ ದೊಡ್ಡ ಮನೆಯನ್ನು ಶೂಟಿಂಗಿನವರು ಬಾಡಿಗೆಗೆ ಹಿಡಿದಿರುತ್ತಾರಂತೆ, ಅದರ ಬಾಡಿಗೆ ಜಾಸ್ತಿ. ಅದಕ್ಕೇ ಸಾಹುಕಾರರ ಸೀನುಗಳನ್ನು ಜಲ್ದಿ ಮುಗಿಸಿ ಕಳಿಸಿಬಿಡುತ್ತಾರೆ. ಗುಡಿಸಲಿನ ಬಡವನಾದರೆ ತಿಂಗಳುಗಟ್ಟಲೆ ಕೆಲಸ. ಟೀವಿಯಲ್ಲಿ ಹಳೆಯ ಸಿನಿಮಾ ಬಂದಾಗಲೆಲ್ಲ ನಮಗೆ ರೊಕ್ಕ ಬರುತ್ತದೆಂದು ಮಂದಿ ತಿಳಿದಿದ್ದಾರೆ. ಹಾಗೆ ಬರುವುದು ಫೋನು ಮಾತ್ರ: ನಿಮ್ಮನ್ನು ಈಗಷ್ಟೇ ಟೀವಿಯಲ್ಲಿ ನೋಡಿದೆವು, ಗಣಪತಿ ಪಟ್ಟಿಗೆ ಏನಾದರೂ ಚಂದಾ ಕೊಡಿ ಎಂದು.

ಅವರನ್ನು ತರಕಾರಿ ತರಲು ಕಳಿಸುವುದನ್ನು ನಾನು ಎಂದೋ ಬಿಟ್ಟಿದ್ದೆ. ಅವರನ್ನು ಕಂಡರೆ ಬದನೆಕಾಯಿಯ ರೇಟು ಏರುತ್ತಿತ್ತು. ಚೌಕಾಸಿ ಮಾಡಿದರೆ ಮಾರುವವಳು ಸಾಹುಕಾರ್ರೇ ಹಿಂಗಂದ್ರ ಹ್ಯಾಂಗ್ರಿ ಎಂದು ನಗುತ್ತಿದ್ದಳು, ಇವರು ಮೀಸೆ ತಿರುವಿ ಕೇಳಿದಷ್ಟು ಕೊಟ್ಟು ಬರುತ್ತಿದ್ದರು. ಕಡೆಗೆ ನಾನೇ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಸ್ಟೇಶನ್ ಹತ್ತಿರದ ಖಾನಾವಳಿಗೆ ಕೊಡಲು ಶುರು ಮಾಡಿದೆ. ಮುಟ್ಟಿಸಿ ಬರುವುದು ಇವರ ಪಾಲಿನ ಕೆಲಸ. ಯಾರೂ ಗುರುತು ಹಿಡಿಯಬಾರದೆಂದು ಹೆಲ್ಮೆಟ್ ಹಾಕಿಕೊಂಡೇ ಖಾನಾವಳಿಯ ಒಳಗೆ ಹೋಗಿ, ಹೆಲ್ಮೆಟ್ ಹಾಕಿಕೊಂಡೇ ರೊಟ್ಟಿ ಎಣಿಸಿಕೊಟ್ಟು ಬರುತ್ತಿದ್ದರು.

ಅಂಥ ದಿನಗಳಲ್ಲಿ ಕಮಲಾಪುರದಿಂದ ಒಂದು ಫೋನು ಬಂತು. ಅಲ್ಲಿಯ ಬಾಳೆಹಣ್ಣಿನ ವ್ಯಾಪಾರಿಯೊಬ್ಬರು ದೊಡ್ಡ ಬಟ್ಟೆ ಅಂಗಡಿ ತೆಗೆಯುವವರಿದ್ದರು. ರಿಬ್ಬನ್ ಕತ್ತರಿಸಲು ಸಾಹುಕಾರರೇ ಬರಬೇಕು, ಅವ್ವಾರನ್ನೂ, ಅಂದರೆ ನನ್ನನ್ನೂ, ಕರೆತರಬೇಕು, ನಿಮ್ಮ ಸಂಭಾವನೆ ಏನಿದೆಯೋ ಅದನ್ನು ಕೊಡುತ್ತೇವೆ ಅಂದರು. ಇವರು ಒಂದು ಮೊತ್ತ ಹೇಳಿದರು. ಅವರು ಎದುರು ಮಾತಾಡದೆ ಒಪ್ಪಿದರು. ಇಷ್ಟಾದ ಮೇಲೆ ಫೋನಿಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಕಾರು ಕಳಿಸಲೇ ಎಂದು ಆ ಕಡೆಯವರು ಕೇಳಿದಾಗ ಇವರು ಗಂಟಲು ಸರಿಮಾಡಿಕೊಂಡು, ಬೇಡ, ನಮ್ಮ ಕಾರಿನಲ್ಲೇ ಬರುತ್ತೇವೆ ಅಂದುಬಿಟ್ಟರು.

ನಮಗಿರುವುದು ಒಂದು ಹಳೆಯ ಸ್ಕೂಟರು. ಯಾಕೆ ಹಾಗಂದಿರಿ ಎಂದು ಕೇಳಿದೆ. ಕಾರು ಕಳಿಸಿ ಅಂದರೆ ನಮ್ಮ ಮಾರ್ಕೆಟ್ಟು ಬೀಳುತ್ತದೆ, ನಿನಗೆ ಈ ಲೈನು ತಿಳಿಯುವುದಿಲ್ಲ ಅಂದರು.

ಕೆಳಗಿನ ಮನೆಯಲ್ಲಿ ಒಬ್ಬ ಚಾಚಾ ಇದ್ದಾರೆ. ತಮ್ಮದೇ ಹಳೆಯ ಕಾರನ್ನು ಸ್ಟೇಶನ್ ಮುಂದೆ ನಿಲ್ಲಿಸಿ ಬಾಡಿಗೆ ಹೊಡೆಯುವವರು. ಅವರ ಹತ್ತಿರ ಹೋಗಿ ಕಷ್ಟ ಹೇಳಿಕೊಂಡೆ. "ಫಿಕರ್ ನಕ್ಕೋ ಬೇಟಿ, ಡೀಸೆಲ್ ಹಾಕಿದ್ರ ಸಾಕು," ಎಂದು ಧೈರ್ಯ ಹೇಳಿದರು. ಒಂದು ದಿನದ ಮಟ್ಟಿಗೆ ಸಾಹುಕಾರರ ಡ್ರೈವರ್ ಆಗುವುದಕ್ಕೂ ಖುಷಿಯಿಂದಲೇ ಒಪ್ಪಿದರು.

ಆ ದಿನ ಬೆಳಿಗ್ಗೆ ಇವರು ತಮ್ಮ ಒಂದೇ ಒಂದು ರೇಷ್ಮೆ ಶರ್ಟು ತೊಟ್ಟು, ಜರಿ ಅಂಚಿನ ಧೋತರ ಉಟ್ಟು, ಶೂಟಿಂಗಿನ ಉಂಗುರಗಳನ್ನು ಹಾಕಿಕೊಂಡರು. ಅವು ಹಿತ್ತಾಳೆಯವು. ಸ್ವಲ್ಪ ಬೆವರಿದರೆ ಬೆರಳು ಹಸಿರಾಗುತ್ತವೆ. ಚಾಚಾ ಬಿಳಿ ಅಂಗಿ ತೊಟ್ಟು, ಕಾರಿನ ಬಾಗಿಲು ತೆಗೆದು ಸಲಾಂ ಮಾಡಿದರು. ಓಣಿಯ ಮಂದಿ ನೋಡುತ್ತಿದ್ದಂತೆ ನಾವು ಹೊರಟೆವು.

ಅರ್ಧ ದಾರಿಗೆ ಕಾರು ಕೆಮ್ಮಿತು. ಮತ್ತೆ ಸ್ವಲ್ಪ ದೂರ ಹೋಗಿ, ತೊಗರಿ ಹೊಲಗಳ ನಡುವೆ ನಿಂತೇಬಿಟ್ಟಿತು. ಚಾಚಾ ಮುಂದಿನ ಮುಚ್ಚಳ ಎತ್ತಿ, ಹೊಗೆಯಲ್ಲಿ ಸ್ವಲ್ಪ ಹೊತ್ತು ಮರೆಯಾಗಿ, ಮೆಕ್ಯಾನಿಕನನ್ನು ಕರೆಸಬೇಕು, ನೀವು ಕಾಯಬೇಡಿ ಅಂದರು. ಹೊತ್ತಾಗಿತ್ತು. ಹಿಂದಿನಿಂದ ಕಮಲಾಪುರದ ಮೇಲೆ ಹೋಗುವ ಹುಮನಾಬಾದ ಬಸ್ಸು ಬಂತು. ನಾನು ಕೈ ಮಾಡಿದೆ. ಇವರು ಧೋತರ ಎತ್ತಿ ಹಿಡಿದು ಬಸ್ಸಿನ ಕಡೆ ಓಡಿದ ರೀತಿ ನೋಡಿದ್ದರೆ ಯಾವ ನಿರ್ದೇಶಕರಾದರೂ ಬಡ ಮಾಸ್ತರನ ಪಾತ್ರ ಕೊಡುತ್ತಿದ್ದರು.

ಬಸ್ಸು ಹತ್ತಿದ್ದೇ ತಡ, ಸಾಹುಕಾರ, ಸಾಹುಕಾರ ಎಂದು ಗುಲ್ಲೆದ್ದಿತು. ಒಬ್ಬ ಮುದುಕಿ ಮಾತ್ರ ಸೀಟು ಬಿಡಲಿಲ್ಲ. ಬಡವರ ಹೊಲ ನುಂಗಿದವನು ನಿಂತೇ ಬರಲಿ ಎಂದು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಹೆಣ್ಣುಮಕ್ಕಳ ಫ್ರೀ ಟಿಕೀಟು ಕೊಟ್ಟ. ಆಮೇಲೆ ಇವರ ಕಡೆ ತಿರುಗಿ, ನಾಚಿಕೊಂಡು, ಸಾಹೇಬರು ತಪ್ಪು ತಿಳಿಯಬಾರದು, ನಿಮ್ಮದು ಪೂರಾ ಟಿಕೀಟು ಅಂದ. ಇವರು ನೋಟು ಕೊಟ್ಟು, ಚಿಲ್ಲರೆ ನೀನೇ ಇಟ್ಟುಕೋ ಎನ್ನುವ ಹಾಗೆ ಕೈ ಬೀಸುವವರಿದ್ದರು. ನಾನು ನಡುವೆ ಕೈ ಚಾಚಿ ಚಿಲ್ಲರೆ ಇಸಿದುಕೊಂಡೆ.

ಕಮಲಾಪುರದಲ್ಲಿ ರಸ್ತೆಯ ಪಕ್ಕ ಹಲಗೆ ಬಾರಿಸುವವರು, ಹಾರ ಹಿಡಿದವರು, ಫೋಟೋದವನು ಎಲ್ಲರೂ ಕಲಬುರಗಿ ಕಡೆಗೆ ಮುಖ ಮಾಡಿ ಕಾರಿನ ದಾರಿ ಕಾಯುತ್ತಿದ್ದರು. ನಮ್ಮ ಬಸ್ಸು ಅವರನ್ನು ದಾಟಿ ಮುಂದೆ ಹೋಗಿ ನಿಂತಿತು. ನಾವು ಇಳಿದು ನಡೆದು ಬಂದು ಅವರ ಬೆನ್ನ ಹಿಂದೆ ನಿಂತೆವು. ಇವರು ತಮ್ಮ ಸಾಹುಕಾರರ ಕೆಮ್ಮು ಕೆಮ್ಮಿದರು. ಒಬ್ಬಾತ ತಿರುಗದೆಯೇ, ಜರಾ ಸರಕೊಂಡು ನಿಂದ್ರಿ, ಸಾಹುಕಾರ್ರು ಬರೋ ಟೈಮಾತು ಅಂದ. ಮತ್ತೊಮ್ಮೆ ಕೆಮ್ಮಿದ ಮೇಲೆ ಹಲಗೆಯವನು ತಿರುಗಿ ನೋಡಿ, ಕೈಯಲ್ಲಿದ್ದ ಕೋಲು ಬಿಟ್ಟ.

ಅಂಗಡಿ ಮಾಲಕರು ಗಾಬರಿಯಾಗಿ ಓಡಿ ಬಂದರು. ಕಾರು ಎಲ್ಲಿ ಎಂದು ಕೇಳಿದರು. ಬಸ್ಸಿನಲ್ಲಿ ಬಂದೆವು ಎಂದು ಇವರು ಹೇಳಿದರೇ ಹೊರತು ಯಾಕೆ ಎಂದು ಹೇಳಲಿಲ್ಲ. ಮಾಲಕರ ಕಣ್ಣು ತುಂಬಿ ಬಂತು. ರಿಬ್ಬನ್ ಕತ್ತರಿಸಿದ ಮೇಲೆ ಅವರು ಮೈಕು ಹಿಡಿದು, ಮನೆಯಲ್ಲಿ ಎರಡು ಮೂರು ಕಾರು ನಿಂತಿದ್ದರೂ ನಮ್ಮ ನಿಮ್ಮ ಹಾಗೆ ಬಸ್ಸಿನಲ್ಲಿ ಬಂದ ಮಹಾನುಭಾವರು ಇವರು ಎಂದರು. ಚಪ್ಪಾಳೆಯೋ ಚಪ್ಪಾಳೆ. ಮೈಕು ಇವರ ಕೈಗೆ ಬಂತು. ಮುಖ ನೋಡಿದ ಕೂಡಲೇ ನನಗೆ ತಿಳಿಯಿತು, ಆ ಎರಡು ಮೂರು ಕಾರುಗಳನ್ನು ಇವರೂ ನಂಬಿಬಿಟ್ಟಿದ್ದರು. ಸರಳ ಬದುಕಿನ ಬಗ್ಗೆ ಬಹಳ ಹೊತ್ತು ಮಾತಾಡಿದರು. ರೊಕ್ಕ ಇವತ್ತು ಬರುತ್ತದೆ, ನಾಳೆ ಹೋಗುತ್ತದೆ ಎಂದೂ ಹೇಳಿದರು. ನಮ್ಮ ಮನೆಗೆ ಯಾವತ್ತು ಬಂದಿತ್ತು ಎಂದು ನಾನು ಕೂತಲ್ಲೇ ಯೋಚಿಸಿದೆ.

ಆಮೇಲೆ ಶಾಲು ಹೊದಿಸಿದರು, ಕಮಲಾಪುರದ ಕೆಂಪು ಬಾಳೆಯ ದೊಡ್ಡ ಗೊನೆಯೊಂದನ್ನು ಇಬ್ಬರು ಹೊತ್ತು ತಂದು ಮುಂದಿಟ್ಟರು. ಮಾಲಕರು ಮತ್ತೆ ಮೈಕು ತೆಗೆದುಕೊಂಡರು.

"ಇಂಥ ದೊಡ್ಡ ಮನುಷ್ಯಾರ ಕೈಯಾಗ ರೊಕ್ಕದ ಪಾಕೀಟು ಇಟ್ಟು ಅವಮಾನ ಮಾಡಂಗಿಲ್ರಿ ನಾವು," ಅಂದರು.

ಮತ್ತೆ ಚಪ್ಪಾಳೆ. ಇವರು ಕೈ ಮುಗಿದರು. ನನ್ನ ಕಡೆ ಒಮ್ಮೆ ನೋಡಲಿ ಎಂದು ಕಾದೆ. ವೇದಿಕೆಯ ಮೇಲೆ ನೋಡಲು ಇದ್ದದ್ದೆಲ್ಲ ನೋಡಿದರು, ನನ್ನನ್ನು ಬಿಟ್ಟು.

ಅಂಗಡಿಯ ಹಿಂದೆಯೇ ಅವರ ಮನೆ. ಮಾಲಕರ ಹೆಂಡತಿ ಉಡಿ ತುಂಬುತ್ತೇನೆಂದು ನನ್ನನ್ನು ಒಳಗೆ ಕರೆದುಕೊಂಡು ಹೋದರು. ನನ್ನದೇ ವಯಸ್ಸಿನ, ಬಾಯ್ತುಂಬ ಮಾತಾಡುವ ಹೆಣ್ಣುಮಗಳು. ಚಹಾ ಕೊಟ್ಟು, ಮನೆಯಲ್ಲಿ ಎಷ್ಟು ಆಳುಗಳಿದ್ದಾರೆ, ಸಾಹುಕಾರರ ಉಂಗುರ ಎಷ್ಟು ತೊಲದವು ಎಂದು ಕೇಳಿದರು. ಅವರ ಕೇಳುವಿಕೆಯಲ್ಲಿ ಮತ್ಸರವಿರಲಿಲ್ಲ, ಬರೀ ಕುತೂಹಲ. ಬಹುಶಃ ಅದಕ್ಕೇ ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಉಂಗುರ ಹಿತ್ತಾಳಿವು ಅದಾವ್ರಿ ಅಕ್ಕಾ," ಅಂದೆ. "ಕಾರೂ ಇಲ್ಲ, ಆಳೂ ಇಲ್ಲ. ನಾ ರೊಟ್ಟಿ ಬಡದು ಮಾರ್ತೀನಿ. ಇವತ್ತಿನ ರೊಕ್ಕ ಬಂದ್ರ ಮನಿ ಕಿರಾಯಿ ಕೊಡಮು ಅಂತ ಬಂದಿದ್ವಿ."

ಅವರು ಚಹಾದ ಬಟ್ಟಲು ಕೆಳಗಿಟ್ಟರು. ನನ್ನನ್ನೇ ನೋಡಿದರು. ಆಮೇಲೆ ಬಾಯಿಗೆ ಸೆರಗು ಹಚ್ಚಿಕೊಂಡು ನಗತೊಡಗಿದರು. ನನಗೆ ಸಿಟ್ಟು ಬರುವಷ್ಟರಲ್ಲಿ ಅವರೇ ನನ್ನ ಕೈ ಹಿಡಿದು, ತಮ್ಮ ಗಂಡ ಮಾಲು ತರಲು ಸೋಲಾಪುರಕ್ಕೆ ಹೋದಾಗ ಲಾಡ್ಜಿನ ರೊಕ್ಕ ಉಳಿಸಲು ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗುತ್ತಾರೆ, ಊರಿಗೆ ಬಂದು ಎ.ಸಿ. ರೂಮಿನಲ್ಲಿ ಥಂಡಿ ಹತ್ತಿತು ಎಂದು ಎಲ್ಲರ ಮುಂದೆ ಸೀನುತ್ತಾರೆ ಎಂದು ಹೇಳಿದರು. ಈ ಅಂಗಡಿಯೂ ಬ್ಯಾಂಕಿನ ಸಾಲದ್ದೇ ಅಂತೆ.

"ಇಬ್ರೂ ಒಂದೇ ನಾಟಕ ಕಂಪನ್ಯಾಗ ಪಾರ್ಟು ಮಾಡ್ತಾರ ನೋಡ್ರಿ," ಅಂದರು. ಆಗ ನನಗೂ ನಗು ತಡೆಯಲಾಗಲಿಲ್ಲ.

ಅವರು ಎದ್ದು ಹೋಗಿ ಗೂಟಕ್ಕೆ ತೂಗುಹಾಕಿದ್ದ ಗಂಡನ ಕೋಟಿನ ಕಿಸೆಗೆ ಕೈ ಹಾಕಿದರು. ಮಾಲಕರು ಹಿಂದಿನ ದಿನವೇ ಪಾಕೀಟು ಸಿದ್ಧಮಾಡಿ ಇಟ್ಟಿದ್ದರಂತೆ. ಬಸ್ಸಿನ ಸುದ್ದಿ ಕೇಳಿ ಮನಸ್ಸು ಕರಗಿ, ಹೀಗೆ ಕೊಡುವುದು ಸಣ್ಣತನ ಎಂದು ಅದನ್ನು ಕಿಸೆಯಲ್ಲೇ ಬಿಟ್ಟಿದ್ದರು. ಅಕ್ಕ ನನ್ನ ಹಣೆಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಮೊದಲು ಪಾಕೀಟು ಇಟ್ಟು, ಅದರ ಮೇಲೆ ಕುಬಸದ ಖಣ, ಅಕ್ಕಿ, ತೆಂಗಿನಕಾಯಿ ಹಾಕಿದರು. ಗಂಡನಿಗೆ ರಾತ್ರಿ ತಾನೇ ಹೇಳುತ್ತೇನೆ ಅಂದರು. ನಾನು ಸೆರಗು ಬಿಗಿಯಾಗಿ ಹಿಡಿದುಕೊಂಡು ಹೊರಗೆ ಬಂದೆ.

ಅಷ್ಟರಲ್ಲಿ ಚಾಚಾ ಕಾರು ರಿಪೇರಿ ಮಾಡಿಸಿಕೊಂಡು ಅಲ್ಲಿಗೇ ಬಂದಿದ್ದರು. ಅಂಗಿಯ ಮೇಲೆಲ್ಲ ಎಣ್ಣೆ. ಆದರೂ ಇಳಿದು ಬಾಗಿಲು ತೆಗೆದು ಸಲಾಂ ಹೊಡೆದರು. ಬಾಳೆಗೊನೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು.

ಊರು ದಾಟುವವರೆಗೆ ಇವರು ಕಿಟಕಿಯಿಂದ ಕೈ ಬೀಸುತ್ತಿದ್ದರು. ದಾಟಿದ ಮೇಲೆ ಮೆತ್ತಗಾದರು. ಡೀಸೆಲ್ಲು, ರಿಪೇರಿ ಎರಡೂ ಈಗ ತಲೆಗೆ ಬಂದಿರಬೇಕು. ಚಾಚಾಗೆ ಕೇಳದ ಹಾಗೆ, ಈಗ ಏನು ಮಾಡೋಣ ಎಂದು ನನ್ನನ್ನು ಕೇಳಿದರು. ನಾನು ತೆಂಗಿನಕಾಯಿ ಸರಿಸಿ ಪಾಕೀಟು ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಏನು ಹೇಳಿದೆ ಅವರಿಗೆ ಎಂದು ಕೇಳಿದರು. ಇದ್ದದ್ದು ಹೇಳಿದೆ ಅಂದೆ.

ಕಲಬುರಗಿಯ ಕೋಟೆಯ ಗೋಡೆ ಕಾಣುವ ಹೊತ್ತಿಗೆ ಉಂಗುರಗಳನ್ನು ಒಂದೊಂದಾಗಿ ಬಿಚ್ಚಿದರು. ಆಮೇಲೆ ತಮ್ಮ ಹಸಿರಾದ ಬೆರಳುಗಳನ್ನು ನೋಡುತ್ತ ಕೇಳಿದರು:

"ಉಂಗುರದ್ದೂ ಹೇಳಿದೇನು?"

"ಹೇಳಿದೆ."

"ಅದೊಂದ್ ಹೇಳಬಾರದಿತ್ತು," ಅಂದರು.

ನನಗೆ ಆಗ ಅವರನ್ನು ಕಂಡು ಪಾಪ ಅನ್ನಿಸಿತು. ಬಡತನಕ್ಕೆ ಅವರು ಅಂಜಿದವರಲ್ಲ. ಜ್ವರ ಬಂದಾಗಲೂ ರೈಲಿನಲ್ಲಿ ನಿಂತು ಹೋಗಿ ಕೆಲಸ ಮಾಡಿ ಬಂದವರು. ಆದರೆ ಆ ಸಾಹುಕಾರನನ್ನು ಕಟ್ಟಲು ಅವರಿಗೆ ಅರ್ಧ ಆಯುಷ್ಯ ಹಿಡಿದಿತ್ತು. ನಾನು ಒಂದು ಬಟ್ಟಲು ಚಹಾ ಕುಡಿಯುವುದರೊಳಗೆ ಅವನನ್ನು ಬಿಚ್ಚಿಟ್ಟಿದ್ದೆ. ಮನೆಗೆ ಬಂದು ಅವರ ಬೆರಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದೆ. ಅವರು ಸುಮ್ಮನೆ ಕೈ ಕೊಟ್ಟು ಕೂತಿದ್ದರು. ಚಾಚಾಗೆ ಡೀಸೆಲ್ಲಿನದು, ರಿಪೇರಿಯದು ಕೊಟ್ಟು, ಅರ್ಧ ಗೊನೆಯನ್ನೂ ಕೊಟ್ಟೆವು. ಉಳಿದದ್ದರಲ್ಲಿ ಕಿರಾಯಿ ಮುಟ್ಟಿತು.

ಅದಾದ ಕೆಲವು ದಿನಕ್ಕೆ ಇನ್ನೊಂದು ಊರಿನಿಂದ ಇಂಥದೇ ಫೋನು ಬಂದಾಗ, ಇವರು ಹಲೋ ಎಂದವರೇ, ಮ್ಯಾನೇಜರಿಗೆ ಕೊಡುತ್ತೇನೆ ಎಂದು ಫೋನನ್ನು ನನ್ನ ಕೈಗಿಟ್ಟರು. ರೊಟ್ಟಿ ಹಿಟ್ಟಿನ ಕೈಯಲ್ಲೇ ಹಿಡಿದು ಮಾತಾಡಿದೆ. ಮೊದಲು ಅಡ್ವಾನ್ಸು, ಬರಲು ಹೋಗಲು ಗಾಡಿ ನಿಮ್ಮದು ಅಂದೆ. ಅವರು ಆಗಲಿ ಮೇಡಂ ಅಂದರು. ಇಷ್ಟು ಸುಲಭದ ಕೆಲಸಕ್ಕೆ ನಾವು ಇಷ್ಟು ವರ್ಷ ಕಷ್ಟಪಟ್ಟೆವೇ ಎಂದು ನನಗೇ ಆಶ್ಚರ್ಯವಾಯಿತು.

ಆ ಧೈರ್ಯದ ಮೇಲೆ, ನಮ್ಮ ಅರ್ಧ ರೊಕ್ಕ ಉಳಿಸಿಕೊಂಡಿದ್ದ ಬೆಂಗಳೂರಿನ ಸಿನಿಮಾ ಆಫೀಸಿಗೂ ಒಂದು ದಿನ ಫೋನು ಮಾಡಿದೆ. ಅಲ್ಲಿಯ ಮನುಷ್ಯ ಎಂದಿನ ಹಾಗೆ ಬರುವ ವಾರ ನೋಡೋಣ ಎಂದು ರಾಗ ಎಳೆಯುತ್ತಿದ್ದ. ಅದೇ ಹೊತ್ತಿಗೆ ಒಳಗಿನ ಕೋಣೆಯಲ್ಲಿ ನಮ್ಮವರು ಹೊಸ ಸೀರಿಯಲ್ಲಿನ ಮಾತು ಕಂಠಪಾಠ ಮಾಡುತ್ತಿದ್ದರು. ರೊಕ್ಕ ತಂದು ಇಡದಿದ್ದರೆ ಮನೆಯ ಬಾಗಿಲು ಕಿತ್ತು ಒಯ್ಯುತ್ತೇನೆ ಎಂದು ಗುಡುಗಿದ ಗುಡುಗಿಗೆ ಅಟ್ಟದ ಮೇಲಿನ ಡಬ್ಬಿ ನಡುಗಿತು. ಫೋನಿನ ಆ ಕಡೆ ಮಾತು ನಿಂತಿತು.

"ಸರ್ ಅವರೇನಾ?" ಎಂದು ಆತ ಮೆಲ್ಲಗೆ ಕೇಳಿದ.

"ಹೌದ್ರಿ," ಅಂದೆ, "ಮುಂಜಾನಿಂದ ಹಿಂಗೇ ನಡದದ."

ಸಂಜೆಯೊಳಗೆ ಬಾಕಿ ರೊಕ್ಕ ಅಷ್ಟೂ ಅಲ್ಲದಿದ್ದರೂ ಅದರಲ್ಲಿ ಅರ್ಧ ಖಾತೆಗೆ ಬಿತ್ತು. ನಮ್ಮವರಿಗೆ ಹೇಳಿದಾಗ ಅವರು ಹಿಗ್ಗಿದ್ದು ರೊಕ್ಕಕ್ಕಲ್ಲ. ತಾವು ಆ ಮಾತು ಹೇಳಿದ್ದು ಹೇಗಿತ್ತು, ಫೋನಿನಲ್ಲಿ ಎಲ್ಲ ಸ್ಪಷ್ಟವಾಗಿ ಕೇಳಿಸಿತ್ತೇ ಎಂದು ಮತ್ತೆ ಮತ್ತೆ ಕೇಳಿದರು.